ಎರಡು ನಹ್ದಾ, ಎರಡು ಪೊಲೀಸ್

ಗಡಿಯಲ್ಲಿ ಮನೆ ಮಾಡಿಕೊಂಡವರಿಗೆ ಆಗಾಗ ಏನಾದರೊಂದು ತಮಾಷೆ ಆಗುತ್ತಲೇ ಇರುತ್ತದೆ. ನಮ್ಮದು ಅಲ್ ನಹ್ದಾ. ಅಂದರೆ ದುಬೈಯ ಅಲ್ ನಹ್ದಾ. ರಸ್ತೆ ದಾಟಿದರೆ ಅದೂ ಅಲ್ ನಹ್ದಾವೇ, ಆದರೆ ಶಾರ್ಜಾದ್ದು. ಅದೇ ಥರದ ಕಟ್ಟಡ, ಅದೇ ಥರದ ಫಾರ್ಮಸಿ, ಅದೇ ಚಾಯ್. ಬೇರೆ ಇರುವುದು ಬಾಡಿಗೆ ಮತ್ತು ಪೊಲೀಸು.

ನಾನು ಕರಾಮದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನಮ್ಮ ಯಜಮಾನರು ಅಬುಧಾಬಿ ಕಡೆಯ ರುವೈಸಿನಲ್ಲಿ ಎಣ್ಣೆ ಕಂಪನಿಯ ಟೆಕ್ನಿಷಿಯನ್. ಗುರುವಾರ ಮನೆಗೆ ಬಂದರೆ ಶನಿವಾರ ಸಂಜೆ ವಾಪಸ್. ಶುಕ್ರವಾರ ಸಂಜೆ ನಮ್ಮ ಬಾಲ್ಕನಿಯಲ್ಲಿ ಚಾ, ಗೋಳಿಬಜೆ. ಎದುರು ಫ್ಲ್ಯಾಟಿನ ನರ್ಸ್ ಬರುತ್ತಾರೆ, ಮಂಗಳೂರಿನವರು, ನಾವೆಲ್ಲ ಅವರನ್ನು 'ಬಾಯಿ' ಅಂತಲೇ ಕರೆಯುವುದು. ಮೇಲಿನ ಮಹಡಿಯಿಂದ ಮೈಸೂರಿನವರೊಬ್ಬರು ಬರುತ್ತಾರೆ, ಶಿಪ್ಪಿಂಗ್ ಆಫೀಸಿನವರು. ಒಂದು ಚಳಿಗಾಲವಿಡೀ ಅಲ್ಲಿ ನಡೆದದ್ದು ಒಂದೇ ಚರ್ಚೆ: ಎರಡು ಊರಿಗೂ ಒಂದೇ ಪೊಲೀಸ್ ಇದ್ದರೆ ಆಗದೇ?

ಪೆಟ್ಟು ಬಿದ್ದದ್ದೆಲ್ಲಿ?

ಶುರು ಮಾಡಿಸಿದ್ದು ಮೈಸೂರಿನವರ ಕಾರು. ಶಾರ್ಜಾದಿಂದ ವಾಪಸ್ ಬರುವಾಗ ಗಡಿಯ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿದ್ದರಂತೆ. ಹಿಂದಿನ ಗಾಡಿ ಬಂದು ಗುದ್ದಿತು. ಇವರ ಕಾರು ಮುಂದಕ್ಕೆ ಜಾರಿತು. ಬಂಪರ್ ಸ್ವಲ್ಪ ಒಳಗೆ ಹೋದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಇಲ್ಲಿ ಪೊಲೀಸರ ಚೀಟಿ ಇಲ್ಲದೆ ಯಾವ ಗ್ಯಾರೇಜಿನವನೂ ಗಾಡಿ ಮುಟ್ಟುವುದಿಲ್ಲ. ಫೋನ್ ಮಾಡಿದರು.

"ಸರ್, ನೀವು ದುಬೈಯಲ್ಲಿದ್ದೀರೋ, ಶಾರ್ಜಾದಲ್ಲಿದ್ದೀರೋ?" ಅಂತ ಆ ಕಡೆಯಿಂದ ಕೇಳಿದರು.

ಮೈಸೂರಿನವರು ಸುಳ್ಳು ಹೇಳುವವರಲ್ಲ. ಇಳಿದು ಹಿಂದೆ ನೋಡಿದರು, ಮುಂದೆ ನೋಡಿದರು. "ಸರ್, ಪೆಟ್ಟು ಬಿದ್ದಾಗ ಶಾರ್ಜಾದಲ್ಲಿದ್ದೆ. ಬಿದ್ದ ಮೇಲೆ ದುಬೈಗೆ ಬಂದೆ."

ಆ ಕಡೆಯವರು ಬಹಳ ಮೆತ್ತಗೆ ಕೇಳಿದರಂತೆ: "ಸರ್, ತಲೆಗೇನಾದರೂ ಪೆಟ್ಟಾಗಿದೆಯಾ? ಆಂಬುಲೆನ್ಸ್ ಕಳಿಸಲಾ?"

ಬಾಲ್ಕನಿಯ ಸಭೆ

ಇದನ್ನು ಕೇಳಿದ ನಮ್ಮ ಯಜಮಾನರಿಗೆ ಆವೇಶ ಬಂತು. "ಇದಕ್ಕೇ ನಾನು ಹೇಳುದು, ಎಲ್ಲ ಕಡೆಗೂ ಒಂದೇ ಪೊಲೀಸ್ ಮಾಡ್ಬೇಕು ಮಾರಾಯ್ರೆ. ಖಲಾಸ್!"

"ಬೇಡಪ್ಪಾ ಬೇಡ," ಅಂದರು ಮೈಸೂರಿನವರು. ಪೆಟ್ಟು ತಿಂದವರೇ ಎದುರು ಪಕ್ಷ! "ಅವರವರ ಊರು ಅವರವರಿಗೆ ಗೊತ್ತು. ನಿಮ್ಮ ರುವೈಸಿನವರು ಬಂದು ನಮ್ಮ ನಹ್ದಾದಲ್ಲಿ ಪಾರ್ಕಿಂಗ್ ಹುಡುಕಿಕೊಡ್ತಾರಾ?"

"ಯಾವ ಪೊಲೀಸ್ ಬಂದ್ರೂ ನಹ್ದಾದಲ್ಲಿ ಪಾರ್ಕಿಂಗ್ ಸಿಕ್ಕುದಿಲ್ಲ," ಅಂದರು ಬಾಯಿ. "ಅದಕ್ಕೆ ದೇವರೇ ಬರ್ಬೇಕು."

ಮಾತು ಏರಿತು. ಯಜಮಾನರು ಎದ್ದು ನಿಂತರು. ಮೈಸೂರಿನವರು ಗೋಳಿಬಜೆ ಹಿಡಿದೇ ಕೈ ಬೀಸಿದರು. ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಏದುಸಿರು ಬಿಡುತ್ತಾ ಮೇಲೆ ಬಂದ. "ಸಾಬ್, ರಸ್ತೆಯ ಆಚೆ ಬಿಲ್ಡಿಂಗಿನವರು ಬೈತಾ ಇದ್ದಾರೆ. ಗಲಾಟೆ ನಿಲ್ಲಿಸದಿದ್ದರೆ ಪೊಲೀಸ್ ಕರೀತಾರಂತೆ."

ರಸ್ತೆಯ ಆಚೆ ಅಂದರೆ ಶಾರ್ಜಾ. ನಮ್ಮಲ್ಲಿ ಒಬ್ಬರಿಗೂ ಹೆದರಿಕೆ ಆಗಲಿಲ್ಲ. ಎರಡೂ ಪಕ್ಷದವರು ಒಟ್ಟಿಗೇ ವಾಚ್‌ಮನ್ ಕಡೆ ತಿರುಗಿ ಕೇಳಿದರು: "ಯಾವ ಪೊಲೀಸ್?"

ನಿಧಾನ

ಯಜಮಾನರ ಆವೇಶಕ್ಕೂ ಕಾರಣ ಉಂಟು. ಅಬುಧಾಬಿ ರಸ್ತೆಯ ವೇಗದ ಲೆಕ್ಕ ಬೇರೆ, ದುಬೈಯದ್ದು ಬೇರೆ. ಅಲ್ಲಿ ಬೋರ್ಡಿನಲ್ಲಿ ಬರೆದಷ್ಟೇ. ಇಲ್ಲಿ ಸ್ವಲ್ಪ ಹೆಚ್ಚಾದರೂ ಕ್ಯಾಮೆರಾ ಸುಮ್ಮನಿರುತ್ತದೆ. ಅಬುಧಾಬಿ ಗಡಿ ಬಂದ ಕೂಡಲೇ ಇವರಿಗೆ ಯಾವುದು ಎಲ್ಲಿಯದ್ದು ಅಂತ ಗೊಂದಲ.

ಮಗಳ ಶಾಲೆಗೆ ರಜೆ ಸಿಕ್ಕಾಗ ನಾವೂ ರುವೈಸಿಗೆ ಹೊರಟೆವು. ಗಡಿ ಹತ್ತಿರ ಬರುತ್ತಿದ್ದ ಹಾಗೆ ಇವರು ಯಾಕೆ ರಗಳೆ ಅಂತ ಎರಡೂ ಕಡೆಯ ಕಾನೂನಿಗೂ ಕೆಳಗೆ ಇಳಿದುಬಿಟ್ಟರು. ಸಿಮೆಂಟಿನ ಲಾರಿ ನಮ್ಮನ್ನು ದಾಟಿತು. ನೀರಿನ ಟ್ಯಾಂಕರ್ ದಾಟಿತು. ನಿಂಬೆಹಣ್ಣು ಚೀಪಿದವರ ಹಾಗೆ ಮುಖ ಮಾಡಿಕೊಂಡು ನಾನು ಕಿಟಕಿಯಾಚೆ ನೋಡುತ್ತಿದ್ದೆ. ಕೊನೆಗೆ ಪೊಲೀಸ್ ಗಾಡಿಯೊಂದು ಪಕ್ಕಕ್ಕೆ ಬಂದು, ಅಂಚಿಗೆ ನಿಲ್ಲಿಸಿ ಅಂತ ಸನ್ನೆ ಮಾಡಿತು. ಯಜಮಾನರು ನಿಲ್ಲಿಸಿ ಗಾಜು ಇಳಿಸಿದರು.

ಆ ಪೊಲೀಸ್ ಬಗ್ಗಿ, ಕಾಳಜಿಯಿಂದ ಕೇಳಿದ: "ಏನು ಭಾಯಿ, ಗಾಡಿ ಖರಾಬ್?"

ಇವರು ಲೈಸೆನ್ಸ್ ಹುಡುಕುತ್ತಿದ್ದರು. ಹಿಂದಿನ ಸೀಟಿನಿಂದ ಮಗಳು ಉತ್ತರ ಕೊಟ್ಟಳು: "ನೋ ಅಂಕಲ್, ಕಾರ್ ಈಸ್ ಫೈನ್. ಓನ್ಲಿ ಪಪ್ಪಾ."

ಅತ್ತೆಯ ವಾಕಿಂಗ್

ಆ ಚಳಿಗಾಲದ ಕೊನೆಗೆ ಕಾರ್ಕಳದಿಂದ ನಮ್ಮ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ದಿನಾ ಸಂಜೆ ಕೆರೆ ಇರುವ ಪಾರ್ಕಿಗೆ ಒಬ್ಬರೇ ವಾಕಿಂಗ್ ಹೋಗಿ ಬರುತ್ತಿದ್ದರು. ಒಂದು ಶುಕ್ರವಾರ ಕತ್ತಲಾದರೂ ಬರಲಿಲ್ಲ. ಫೋನ್ ಮನೆಯಲ್ಲೇ ಚಾರ್ಜಿಗೆ ಇಟ್ಟಿದ್ದರು.

ನಾನು ಎದುರು ಫ್ಲ್ಯಾಟಿನ ಬಾಗಿಲು ಬಡಿದೆ. ಬಾಯಿ ಡ್ಯೂಟಿ ಬಟ್ಟೆಯಲ್ಲೇ ಪಾರ್ಕಿಗೆ ಓಡಿದರು. ಒಂದೇ ಪೊಲೀಸ್ ಬೇಕು ಅನ್ನುತ್ತಿದ್ದ ಯಜಮಾನರು ದುಬೈಗೆ ಫೋನ್ ಮಾಡಿದರು. ಬೇಡ ಅನ್ನುತ್ತಿದ್ದ ಮೈಸೂರಿನವರು ಶಾರ್ಜಾಕ್ಕೆ. ವಾದ ಮಾಡುವ ತ್ರಾಣ ಆಗ ಇಬ್ಬರಿಗೂ ಇರಲಿಲ್ಲ. ಯಜಮಾನರು ಮೆಟ್ಟಿಲ ಮೇಲೆ ಕೂತು ಚಿಕ್ಕ ಹುಡುಗನ ಹಾಗೆ "ಅಮ್ಮ, ಅಮ್ಮ" ಅನ್ನುತ್ತಿದ್ದರು.

ಅತ್ತೆಗೆ ಆದದ್ದಿಷ್ಟು. ಮಲ್ಲಿಗೆ ಮುಡಿದ ಹೆಂಗಸೊಬ್ಬಳನ್ನು ನೋಡಿ ನಮ್ಮ ಊರಿನವಳಿರಬೇಕು ಅಂತ ಮಾತಾಡಿಸುತ್ತಾ ಅವಳ ಜೊತೆಗೇ ರಸ್ತೆ ದಾಟಿದ್ದಾರೆ. ಅವಳು ತನ್ನ ಮನೆಗೆ ಹೋದಳು. ಇವರು ತಿರುಗಿ ನೋಡಿದರೆ ಎಲ್ಲ ಕಟ್ಟಡವೂ ಒಂದೇ ಥರ. ಅಲ್ಲಿದ್ದ ಎಳೆಯ ಪೊಲೀಸ್ ಒಬ್ಬ ಹತ್ತಿರ ಬಂದ.

"ಅಮ್ಮಾ, ಘರ್ ಕಿಧರ್?"

"ನಹ್ದಾ."

"ಯೇ ನಹ್ದಾ ಹೈ, ಅಮ್ಮಾ."

ಅತ್ತೆ ತಲೆ ಅಲ್ಲಾಡಿಸಿದರು. "ಯೇ ನಹೀ. ಮೇರಾವಾಲಾ ನಹ್ದಾ."

ಪುಣ್ಯಕ್ಕೆ ಅವನಿಗೆ ಅರ್ಥವಾಯಿತು. ಕೂರಿಸಿ ನೀರು ಕೊಟ್ಟು, ಆಚೆ ಕಡೆಯವರಿಗೆ ಫೋನ್ ಮಾಡಿದ. ತನ್ನ ಗಾಡಿಯಲ್ಲೇ ಗಡಿಯ ಹತ್ತಿರ ಕರೆತಂದ. ಅಲ್ಲಿ ದುಬೈಯ ಗಾಡಿ ಕಾಯುತ್ತಿತ್ತು. ಇಬ್ಬರೂ ಸಲಾಂ ಹೇಳಿ, ನಕ್ಕು, ಅತ್ತೆಯ ಕೈಹಿಡಿದು ಒಂದು ಕಾರಿನಿಂದ ಇನ್ನೊಂದಕ್ಕೆ ಹತ್ತಿಸಿದರಂತೆ.

ಅತ್ತೆ ನಮ್ಮ ಬಿಲ್ಡಿಂಗಿನೆದುರು ಇಳಿದಾಗ ಯಜಮಾನರು ಓಡಿಹೋಗಿ ತಬ್ಬಿಕೊಂಡರು. ನಾನು ಅತ್ತುಬಿಟ್ಟೆ. ಬಾಯಿ ಅತ್ತರು. ಮೈಸೂರಿನವರು ಕನ್ನಡಕ ಒರೆಸಿದರು. ಅತ್ತೆ ಮಾತ್ರ ಖರ್ಜೂರ ತಿನ್ನುತ್ತಿದ್ದರು.

ಚಾ ಕುಡಿದು ಜೀವ ಬಂದ ಮೇಲೆ ಬಾಯಿ ಕೇಳಿದರು, "ಅಮ್ಮಾ, ನೀವೇ ತೀರ್ಪು ಹೇಳಿ. ಪೊಲೀಸ್ ಒಂದೇ ಸಾಕಾ, ಎರಡು ಬೇಕಾ?"

"ಎರಡೂ ಇರ್ಲಿ," ಅಂದರು ಅತ್ತೆ. "ಆ ಕಡೆಯ ಮಗು ನೀರು ಕೊಟ್ಟ, ಈ ಕಡೆಯ ಮಗು ಖರ್ಜೂರ ಕೊಟ್ಟ. ಒಂದೇ ಆಗಿದ್ರೆ ಒಂದು ಕಮ್ಮಿ ಆಗ್ತಿತ್ತು."

ಮರುದಿನ ಸಂಜೆ ಅತ್ತೆ ಮತ್ತೆ ಚಪ್ಪಲಿ ಮೆಟ್ಟಿಕೊಂಡರು. ನಾನು ಓಡಿಹೋಗಿ ಅವರ ಫೋನ್ ತಂದು ಹಿಡಿದೆ. "ಅತ್ತೆ, ಇದನ್ನು ತಕೊಂಡು ಹೋಗಿ."

"ಬೇಡ," ಅಂದರು. "ಹೋಗುವಾಗ ಹೇಗಾದ್ರೂ ನಡೀತೇನೆ. ಬರುವಾಗ ಕಾಲು ನೋಯ್ತದೆ ಮಾರಾಯ್ತಿ. ಫೋನ್ ಇದ್ರೆ ಕಳೆದುಹೋಗ್ಲಿಕ್ಕೆ ಆಗ್ತದಾ?"