ಅತ್ತೆ ನೋಡದ ನರಿಮರಿಗಳು

ನಮ್ಮ ಸೋದರತ್ತೆಗೆ ಗುಟ್ಟು ಹೇಳುವುದೂ ಒಂದೇ, ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಕೂಗುವುದೂ ಒಂದೇ. ನಾನು ನೋಡಿಬಂದ ಹುಡುಗಿ ನನ್ನನ್ನು ಒಪ್ಪಿದ ಸುದ್ದಿ ನನಗಿಂತ ಮೊದಲು ಮೊಳಕಾಲ್ಮುರಿನ ಸೀರೆ ಅಂಗಡಿಯವರಿಗೆ ತಿಳಿದಿತ್ತು! ಇಂಥ ಅತ್ತೆ, ಅಂಗನವಾಡಿ ಕೆಲಸದಿಂದ ನಿವೃತ್ತರಾದ ಮೇಲೆ, ಊರ ಮಕ್ಕಳಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಲು ಹೊರಟರೆಂದರೆ ನಂಬುತ್ತೀರಾ?

ಅತ್ತೆಯ ಊರಿನ ಬೆನ್ನಿಗೇ ದನಕುರಿ ಮೇಯುವ ಕಾವಲು. ಕಣ್ಣು ಹಾಯುವಷ್ಟು ದೂರ ಹುಲ್ಲು. ಅದರಲ್ಲಿ ಊರವರ ಕುರಿ, ಯಾರದೂ ಅಲ್ಲದ ಕೃಷ್ಣಮೃಗ, ಗೌಜಲಹಕ್ಕಿ, ನರಿ. ಅತ್ತೆಯ ಟ್ರಂಕಿನ ತುಂಬ ಪ್ರಾಣಿಪಕ್ಷಿಗಳ ಚಿತ್ರಪುಸ್ತಕಗಳಿವೆ. ಓದಲು ಬೇಕಾದರೆ ಬಾಡಿಗೆ ಕೊಡಬೇಕು: ಕಾವಲಿನಲ್ಲಿ ಬಿದ್ದ ಒಂದು ಗರಿ, ಇಲ್ಲವೇ ಒಂದಿಷ್ಟು ಹಿಕ್ಕೆ. ಬಂದ ಬಾಡಿಗೆಯೆಲ್ಲ ಅಡುಗೆಮನೆಯ ಡಬ್ಬಿಗಳಲ್ಲಿ! ಒಮ್ಮೆ ಊಟವಾದ ಮೇಲೆ ನಮ್ಮಪ್ಪ ಒಂದು ಡಬ್ಬಿ ತೆಗೆದು, ನೆಲ್ಲಿಕಾಯಿ ಅಡಿಕೆ ಎಂದುಕೊಂಡು ಕೃಷ್ಣಮೃಗದ ಹಿಕ್ಕೆಯನ್ನು ಬಾಯಿಗೆ ಹಾಕಿಕೊಂಡರು.

“ಉಪ್ಪು ಕಮ್ಮಿ ಐತಲ್ಲಕ್ಕ,” ಎಂದರು.

“ಅಗೀಬೇಡ ಕಣೋ, ಇರೋದೇ ಒಂದು ಹಿಡಿ. ಮಕ್ಕಳಿಗೆ ತೋರಿಸ್ಬೇಕು,” ಎಂದರು ಅತ್ತೆ.

ಅಂದಿನಿಂದ ಅಪ್ಪ ಆ ಮನೆಯಲ್ಲಿ ನೀರನ್ನೂ ಮೂಸಿ ಕುಡಿಯುತ್ತಾರೆ.

ಇನ್ನು ಅತ್ತೆಯೇ ಹುಟ್ಟುಹಾಕಿದ ಗೌಜಲಾಟ. ಒಬ್ಬರು ಹದ್ದು, ಉಳಿದವರು ಹುಲ್ಲಿನಲ್ಲಿ ಮೊಟ್ಟೆಗೆ ಕಾವು ಕೂತ ಗೌಜಲಹಕ್ಕಿಗಳು. ಹದ್ದು ಬೆದರಿಸಲಿ, ಆಸೆ ತೋರಿಸಲಿ, ಉಸಿರೆತ್ತಿದವರು ಔಟು. ಕಾವಲಿನಲ್ಲಿ ಗೂಡನ್ನೋ ಬಿಲವನ್ನೋ ಕಂಡವರು ಯಾರಿಗೂ ಜಾಗ ಹೇಳಬಾರದೆಂಬುದು ಆಟದ ಪಾಠ. ಮಕ್ಕಳು ಪಾಠವನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಸಂಜೆ ತಾಯಂದಿರು ಗಂಟಲು ಹರಿಯುವಂತೆ ಕೂಗಿದರೂ ಹುಲ್ಲಿನಿಂದ ಒಂದು ಸದ್ದಿಲ್ಲ. ಒಬ್ಬ ತಾಯಿ ಪೊರಕೆ ಹಿಡಿದೇ ಅತ್ತೆಯ ಮನೆಗೆ ಬಂದಳು.

“ಏನ್ ಕಲಿಸಿದ್ರಿ ಅಕ್ಕಾರೆ? ನನ್ ಮಗಳು ಉಣ್ಣಾಕೆ ಕರೆದ್ರೂ ಓ ಅನ್ನಲ್ಲ.”

“ಓ ಅಂದ್ರೆ ಮೊಟ್ಟೆ ಹೋಗ್ತಾವೆ ಕಣಮ್ಮ.”

ಹೋದ ಸಂಕ್ರಾಂತಿಯಲ್ಲಿ ಈ ಪಾಠಕ್ಕೆ ಪರೀಕ್ಷೆ ಬಂತು. ಸಂಕ್ರಾಂತಿಗೆ ಬಲೆ ಹಾಕಿ ನರಿ ಹಿಡಿದು, ಹಾರ ಹಾಕಿ, ಊರಿಗೆಲ್ಲ ಅದರ ಮುಖ ತೋರಿಸಿ ಬಿಡುವುದು ಅಲ್ಲಿ ಹಿಂದೆ ಇದ್ದ ರೂಢಿ. ನರಿ ಮುಖ ನೋಡಿದವರಿಗೆ ಅದೃಷ್ಟವಂತೆ. ನರಿಯ ಅದೃಷ್ಟ ಕೇಳುವವರು ಯಾರು? ನಿಂತುಹೋಗಿದ್ದ ಈ ರೂಢಿಯನ್ನು ಕೆಲವರು ಮತ್ತೆ ಶುರುಮಾಡಲು ಹೊರಟರು. ಬಲೆ ಸಿದ್ಧವಾಯಿತು, ಬಿಲ ಮಾತ್ರ ಗೊತ್ತಿಲ್ಲ. ಕುರಿಗಳ ಹಿಂದೆ ಕಾವಲು ಸುತ್ತುವ ಮಕ್ಕಳನ್ನು ಕೇಳಿದರು. ಕೊಬ್ಬರಿ ಮಿಠಾಯಿ ತೋರಿಸಿದರು, ಗದರಿದರು. ಬಂದದ್ದು ಒಂದೇ ಉತ್ತರ: “ನಾವು ನೋಡಿಲ್ರಿ.” ಕೊನೆಗೆ ಬಲೆ ಮಡಚಿಟ್ಟರು.

ಶಿವರಾತ್ರಿಯ ಹೊತ್ತಿಗೆ ಅತ್ತೆಯೇ ಮೆಲ್ಲಗೆ ಕೇಳಿದರು. ಊರ ಮಕ್ಕಳಿಗೆಲ್ಲ ಪುಸ್ತಕದಲ್ಲಿ ನರಿಮರಿ ತೋರಿಸಿದ ಈ ಹೆಂಗಸು ಕಣ್ಣಾರೆ ಒಂದನ್ನೂ ಕಂಡವರಲ್ಲ. “ನನಗಾದ್ರೂ ಹೇಳ್ರೋ. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು ಅಂತ ಆಸೆ ಐತೆ.”

“ನಾವು ನೋಡಿಲ್ಲಜ್ಜಿ.”

ಮುಂಗಾರು ಬಿದ್ದ ಮೇಲೊಂದು ಸಂಜೆ, ನಾನು ಊರಿಗೆ ಹೋಗಿದ್ದಾಗ, ಮಕ್ಕಳು ತಾವಾಗಿಯೇ ಅತ್ತೆಯ ಕೈ ಹಿಡಿದು ಕಾವಲಿಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಒಂದು ಪೊದೆಯ ಬುಡದಲ್ಲಿ ಬಿಲವಿತ್ತು, ಖಾಲಿ.

“ಇಲ್ಲೇ ನಾಕು ಮರಿ ಇದ್ವು ಅಜ್ಜಿ,” ಎಂದಳು ಪೊರಕೆಯವಳ ಮಗಳು. “ದೊಡ್ಡವಾಗಿ ಹೋದ್ವು. ತಾಯಿ ಮುಂದಿನ ವರ್ಷ ಮತ್ತೆ ಬಂದ್ರೂ ಬರಬೌದು, ನಿಮ್ ಪುಸ್ತಕದಾಗೈತೆ.”

ಅತ್ತೆಯ ಮುಖ ಬಾಡಿತು. “ಅವತ್ತೇ ನನಗೆ ಹೇಳಬಾರದಿತ್ತೇನೆ?”

“ನಿಮಗೆ ಹೇಳಿದ್ರೆ ಊರಿಗೆಲ್ಲ ಹೇಳ್ದಂಗೆ ಅಜ್ಜಿ.”

ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಮಂಡಿನೋವು ಮರೆತು ಬಿಲದ ಪಕ್ಕ ಕೂತರು, ಅದರ ಬಾಯಿಯ ಮಣ್ಣನ್ನು ಅಂಗೈಯಲ್ಲಿ ಸವರಿದರು. ಕಣ್ಣು ತುಂಬಿಕೊಂಡವು. “ಸರಿಯಾಗೇ ಮಾಡಿದ್ರಿ ಬಿಡ್ರಿ,” ಎಂದು ಆ ಹುಡುಗಿಯನ್ನು ಹತ್ತಿರ ಎಳೆದುಕೊಂಡರು.

ವಾಪಸು ಬರುವಾಗ ಚಹಾದಂಗಡಿಯಲ್ಲಿ ಬಲೆಯ ಯಜಮಾನ ಕೂತಿದ್ದ. “ಕಾವಲಾಗೆ ಏನ್ ನೋಡಿದ್ರಿ ಅಕ್ಕಾರೆ?”

ಮಕ್ಕಳೆಲ್ಲ ಅತ್ತೆಯ ಬಾಯಿಯನ್ನೇ ನೋಡುತ್ತ ನಿಂತರು. ಅತ್ತೆ ಸೆರಗು ಸರಿಮಾಡಿಕೊಂಡರು.

“ಏನೂ ನೋಡಿಲ್ಲ ಕಣಪ್ಪ. ಹುಲ್ಲು.”

ಎಂದವರೇ ನನ್ನ ತೋಳು ಹಿಡಿದು, ಹಿಂದಿರುಗಿ ನೋಡದೆ ಮನೆಯತ್ತ ಹೆಜ್ಜೆ ಹಾಕಿದರು. ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.