ಇನ್ನೂ ಸಿಗದ ದೊಣೆ

ನಮ್ಮ ಸೋದರಮಾವನಿಗೆ ದಾರಿ ಗೊತ್ತಿತ್ತು ಎಂದರೆ ಚಳ್ಳಕೆರೆಯ ಅರ್ಧ ಊರು ನಗುತ್ತದೆ. ಗೊತ್ತಿರಲಿಲ್ಲ ಎಂದರೆ ಉಳಿದರ್ಧ ನಗುತ್ತದೆ. ಅವರ ಹಿಂದೆ ಎಲ್ಲರಿಗಿಂತ ಹೆಚ್ಚು ನಡೆದವನು ನಾನು. ನನ್ನ ಕಾಲುಗಳನ್ನು ಕೇಳಿದರೆ ಎರಡೂ ನಿಜ ಎನ್ನುತ್ತವೆ.

ಮಾವನದು ಶೇಂಗಾ ವ್ಯಾಪಾರ. ಮನೆಯಿಂದ ಅಂಗಡಿಗೆ ಒಂದೇ ನೇರ ರಸ್ತೆ. ಜಗಲಿಯ ಮೇಲೆ ನಿಂತರೆ ಅಂಗಡಿಯ ಬೋರ್ಡು ಕಾಣುತ್ತದೆ. ಆದರೆ ಆ ರಸ್ತೆಯಲ್ಲಿ ಮಾವ ನಡೆದದ್ದನ್ನು ಕಂಡವರಿಲ್ಲ. ಒಂದು ದಿನ ಎಣ್ಣೆ ಮಿಲ್ಲಿನ ಹಿಂದಿನ ಸಂದಿ, ಇನ್ನೊಂದು ದಿನ ಬಸ್ ಸ್ಟ್ಯಾಂಡ್ ಸುತ್ತು, ಮತ್ತೊಂದು ದಿನ ಯಾರದೋ ಮನೆಯ ಹಿತ್ತಲು. ಪಾತ್ರೆ ತೊಳೆಯುತ್ತ ಕೂತ ಹೆಂಗಸು ಬೆಚ್ಚಿ, "ಏನ್ರೀ ಸಾವ್ಕಾರ್ರೆ, ಇಲ್ಲಿ?" ಎಂದರೆ, "ಅಂಗಡಿಗೆ ಹೊಂಟೆ ಕಣವ್ವ. ನಿಮ್ಮ ಬೇವಿನ ಮರ ಚೆನ್ನಾಗಿ ಬಂದೈತೆ" ಎಂದು ಮೆಚ್ಚಿಕೊಂಡು ಮುಂದೆ ಹೋಗುತ್ತಿದ್ದರು. ಅಂಗಡಿಯ ಮುಂದೆ ಕಾದು ನಿಂತ ಗಿರಾಕಿಗಳು, ಇವತ್ತು ಸಾವ್ಕಾರ್ರು ಯಾವ ದಿಕ್ಕಿನಲ್ಲಿ ಉದಯಿಸುತ್ತಾರೆ ಎಂದು ಒಂದು ಚಹಾಕ್ಕೆ ಪಂಥ ಕಟ್ಟುತ್ತಿದ್ದರು. ಸೋತವರೇ ಹೆಚ್ಚು.

ಒಮ್ಮೆ ದೊಡ್ಡಉಳ್ಳಾರ್ತಿಯ ಮದುವೆಗೆ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟರು. ಟಾರು ರಸ್ತೆ ಬಿಟ್ಟು ದನ ಮೇಯುವ ಕಾವಲಿನ ಹುಲ್ಲಿನೊಳಗೆ ಇಳಿದರು. ಹುಲ್ಲು ಮುಗಿದ ಕಡೆ ಒಂದು ಕಾಂಪೌಂಡು ಗೋಡೆ, ಈ ತುದಿಯಿಂದ ಆ ತುದಿವರೆಗೆ. ಕಾವಲುಗಾರ ಬಂದ.

"ರೋಡ್ ಆ ಕಡೆ ಐತಲ್ಲ ಸಾರ್."

"ರೋಡ್ ಇರೋದು ನಂಗೊತ್ತು. ಈ ಗೋಡೆ ಯಾವಾಗ ಬಂತು?"

"ಬಂದು ವರ್ಷಾದ್ವು ಸಾರ್."

"ನನಗೊಂದ್ ಮಾತು ಹೇಳ್ಬೇಕಿತ್ತು" ಎಂದು ಮಾವ ನಿಜವಾಗಿಯೂ ನೊಂದುಕೊಂಡರು. ಆಮೇಲೆ ಹಿಂದಿರುಗಿದರೇ? ಇಲ್ಲ. ಗೋಡೆಯ ಪಕ್ಕದಲ್ಲೇ ಅದು ಎಲ್ಲಿ ಮುಗಿಯುತ್ತದೆಂದು ನೋಡುತ್ತ ಹೋದರು. ನಾವು ಮದುವೆಮನೆ ತಲುಪಿದಾಗ ಮದುಮಗ ಉಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಇಷ್ಟೆಲ್ಲ ಸಹಿಸಬಹುದಿತ್ತು. ಬೆಟ್ಟದ ವಿಚಾರ ಬೇರೆ.

ದೇವಸಮುದ್ರದ ಆಚೆ ಬರೀ ಬಂಡೆಗಳನ್ನೇ ಒಟ್ಟಿದಂಥ ಒಂದು ಬೆಟ್ಟವಿದೆ. ಮಾವ ಸಣ್ಣವರಿದ್ದಾಗ ಅವರ ಅವ್ವ, ಅಂದರೆ ನನ್ನ ಅಜ್ಜಿ, ತವರಿಗೆ ಹೋಗುವಾಗ ಅವರನ್ನು ನಡೆಸಿಕೊಂಡು ಆ ಬೆಟ್ಟ ದಾಟಿದ್ದಳಂತೆ. ನಡುವೆ ಎಲ್ಲೋ ಒಂದು ದೊಣೆ, ಬಂಡೆಯ ಕುಳಿಯಲ್ಲಿ ನಿಂತ ನೀರು. ಅಜ್ಜಿ ಬೊಗಸೆಯಲ್ಲಿ ಎತ್ತಿ ಕುಡಿಸಿದ್ದಳಂತೆ. ಆ ದೊಣೆಯನ್ನು ಮತ್ತೆ ನೋಡಬೇಕು. ಮಾವನಿಗೆ ಬೇಕಿದ್ದದ್ದು ಅದೊಂದೇ. ಪ್ರತಿ ಚಳಿಗಾಲ ಒಂದೊಂದು ಕಡೆಯಿಂದ ಹತ್ತುತ್ತಿದ್ದರು, ಪ್ರತಿ ಸಲ ಬಂದು "ಸಿಗಲಿಲ್ಲ" ಎನ್ನುತ್ತಿದ್ದರು. ಮನೆಯವರೆಲ್ಲ ಒಂದೊಂದು ಸಲ ಜೊತೆಗೆ ಹೋಗಿ, ಮಂಡಿ ತರಚಿಕೊಂಡು, ಸುಮ್ಮನಾಗಿದ್ದರು. ಹೋದ ಮಾರ್ಗಶಿರದಲ್ಲಿ ನನ್ನ ಸರದಿ. ಇಷ್ಟು ವರ್ಷ ಹುಡುಕಿದರೂ ಸಿಗದ ನೀರು ಹೇಗಿರಬಹುದೆಂಬ ಕುತೂಹಲ ನನಗೂ ಇತ್ತು.

ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಿ, ಬೆಳಿಗ್ಗೆಯೇ ಬೆಟ್ಟದ ಬುಡದಲ್ಲಿ ಇಳಿದರೆ ಬೆಟ್ಟವೇ ಇಲ್ಲ! ಅಷ್ಟು ಮಂಜು. ಅದರೊಳಗಿಂದ ಮೊದಲು ಕುರಿಗಳ ಕೆಮ್ಮು, ಆಮೇಲೆ ಕುರಿ ಕಾಯುವ ಒಬ್ಬರು ಮುದುಕರು ಹೊರಗೆ ಬಂದರು.

"ಎಕ್ಕಡಿಕಿ ಸಾಮಿ?"

"ಮೇಲಕ್ಕೆ."

"ಗುಡಿಗೆ ಹೋಗೋ ದಾರಿ ಆ ಕಡೆ ಐತೆ."

"ನಮಗೆ ಗುಡಿ ಬ್ಯಾಡ. ದಾರೀಲಿ ಹೋದ್ರೆ ಗುಡಿಗೇ ಹೋಗ್ತೀವಲ್ಲ" ಎಂದರು ಮಾವ.

"ಮ್ಯಾಲೆ ಕರಡಿ ಅದಾವು. ಮಂಜಲ್ಲಿ ಕಾಣಾಕಿಲ್ಲ ನಿಮಗೆ."

"ನಾವೂ ಕಾಣಲ್ಲ ಬಿಡಿ ಅದಕ್ಕೆ."

ಮುದುಕರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. ಆ ಕಡೆಯೂ ಮಂಜೇ.

ಮಾವ ಕಂಬಳಿ ಹೊದ್ದು ಮುಂದೆ, ಅದರ ತುದಿ ಹಿಡಿದು ನಾನು ಹಿಂದೆ. ಕಂಬಳಿಯಾಚೆ ಏನೂ ಕಾಣುವುದಿಲ್ಲ, ಮಾವನ ತಲೆಯೂ ಇಲ್ಲ. ತಲೆಯಿಲ್ಲದ ಮಾವ ಮಾತ್ರ ಒಂದೇ ಸಮನೆ ಮಾತಾಡುತ್ತಿದ್ದರು. ಕೈಕಾಲೂರಿ ಹತ್ತುವ ಕಡೆ ಬಂಡೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಒಂದು ಕಡೆ ನನ್ನ ಕಾಲಿಗೆ ತಗುಲಿದ ಕಲ್ಲು ಉರುಳಿ ಹೋಯಿತು. ಅದು ಕೆಳಗೆ ಬಿದ್ದ ಸದ್ದಿಗಾಗಿ ಕಾದೆ. ಸದ್ದು ಬಹಳ ತಡವಾಗಿ ಬಂತು.

"ಮಾವ, ವಾಪಸ್ ಹೋಗಾಣ."

"ಯಾಕ್ಲೇ, ಹೆದರ್ಕಂಡ್ಯಾ? ಗುರುತು ಹಾಕ್ಕಂಡೇ ಬರ್ತಿದೀನಿ ಕಣೋ."

ಆ ಗುರುತು ಯಾವುದು ಗೊತ್ತೇ? ವಿಭೂತಿ! ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಬಂಡೆಯ ಮೇಲಿನ ಮಂಜಿನ ಹನಿಯಲ್ಲೇ ತೇಯ್ದು, ದಾರಿಯಲ್ಲಿ ಸಿಕ್ಕ ಬಂಡೆಗಳಿಗೆಲ್ಲ ಮೂರು ಬೆರಳು ಎಳೆಯುತ್ತ ಬಂದಿದ್ದರು. ಒದ್ದೆ ವಿಭೂತಿ ಕಲ್ಲಿನ ಬಣ್ಣಕ್ಕೇ ತಿರುಗುತ್ತದೆ, ಒಣಗಿದ ಮೇಲೆಯೇ ಬೆಳ್ಳಗೆ ಕಾಣುವುದು. ದಿನಾ ಸ್ನಾನ ಮಾಡಿ ಹಣೆಗೆ ಹಚ್ಚಿ ಕನ್ನಡಿ ನೋಡುವ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಇದು ನೆನಪಾಗಬೇಡವೇ? ಆಗಲಿಲ್ಲ. ಹತ್ತಿದೆವು, ಇಳಿದೆವು, ಮತ್ತೆ ಹತ್ತಿದೆವು. ಮಾವ ಗುರುತು ಹಾಕುತ್ತಲೇ ಇದ್ದರು.

ಕೊನೆಗೆ ಬಿಸಿಲು ಬಂತು. ಮಂಜು ಹರಿಯಿತು. ಬಂಡೆಗಳು ಒಣಗತೊಡಗಿದವು. ನಮ್ಮೆದುರಿನ ಆನೆಗಾತ್ರದ ಬಂಡೆಯ ಮೈಮೇಲೆ ಒಂದು ಮೂರೆಳೆ ಮೂಡಿತು. ಅದರ ಪಕ್ಕ ಇನ್ನೊಂದು, ಅದರ ಕೆಳಗೆ ಮತ್ತೊಂದು. ನೋಡನೋಡುತ್ತಿದ್ದಂತೆ ಬಂಡೆಯ ಸುತ್ತ ಎಲ್ಲಿ ನೋಡಿದರೂ ವಿಭೂತಿ. ಬೆಳಗಿನಿಂದ ನಾವು ಆ ಒಂದು ಬಂಡೆಗೆ ಪ್ರದಕ್ಷಿಣೆ ಹಾಕುತ್ತಿದ್ದೆವು.

ನಾನು ಬಾಯಿ ತೆರೆಯುವಷ್ಟರಲ್ಲಿ ಕುರಿಗಳು ಬಂದವು, ಹಿಂದೆಯೇ ಮುದುಕರು ಬಂದರು. ಬಂಡೆ ಕಂಡದ್ದೇ ಚಪ್ಪಲಿ ಬಿಟ್ಟು, ತಲೆಯ ಟವೆಲು ತೆಗೆದು, ಕಣ್ಣು ಮುಚ್ಚಿ ಕೈ ಮುಗಿದರು. ಮಾವನೂ ಮುಗಿದರು. ನನ್ನನ್ನು ಮೊಣಕೈಯಿಂದ ತಿವಿದು ಪಿಸುಗುಟ್ಟಿದರು:

"ನಾನು ಎಳೆದಿದ್ದು ಅಂತ ಹೇಳ್ಬ್ಯಾಡ ಕಣ್ಲೇ. ಪಾಪ, ಅವ್ರು ಕೈ ಮುಗಿದಾಗೈತೆ."

ಆ ಬಂಡೆಯ ಮಗ್ಗುಲಲ್ಲೇ, ಒಂದು ಚಾಚುಗಲ್ಲಿನ ನೆರಳಲ್ಲಿ, ದೊಣೆ ಇತ್ತು. ತಣ್ಣಗೆ ತಿಳಿಯಾದ ನೀರು. ಮಾವ ಮಂಡಿಯೂರಿ ಬೊಗಸೆಯಲ್ಲಿ ಎತ್ತಿ ಕುಡಿದರು. ಇನ್ನೊಂದು ಬೊಗಸೆ ಕುಡಿದು ಎದ್ದರು.

"ಇದಲ್ಲ."

"ಯಾಕೆ ಮಾವ? ಇದೇ ಇರ್ಬೇಕು."

"ಅವ್ವ ಕುಡಿಸಿದ್ದು ಸೀ ಇತ್ತು. ಇದು ಸಪ್ಪಗೈತೆ."

ಹಾಗೆಂದವರು ಚೀಲದಿಂದ ಬಾಟಲಿ ತೆಗೆದು ತುಂಬಿಕೊಂಡರು.

"ಇದಲ್ಲ ಅಂದ್ಮೇಲೆ ಬಾಟ್ಲಿ ಯಾಕೆ?"

"ಬಸ್ಸಲ್ಲಿ ಬಾಯಾರ್ತೈತೆ."

ಬಸ್ಸಿನಲ್ಲಿ ಅವರು ಅದನ್ನು ಮುಟ್ಟಲಿಲ್ಲ. ಮೊಳಕಾಲ್ಮೂರಿನಲ್ಲಿ ದುಡ್ಡು ಕೊಟ್ಟು ಸೋಡಾ ಕುಡಿದರು. ವಿಚಿತ್ರ ಎನ್ನಿಸಿತು. ಆದರೆ ಮಾವನ ವಿಷಯದಲ್ಲಿ ವಿಚಿತ್ರ ಎನ್ನಿಸದ್ದು ಯಾವುದಿತ್ತು?

ಮಾವ ಈ ಬೇಸಿಗೆಯಲ್ಲಿ ತೀರಿಕೊಂಡರು. ಅಂಗಡಿಯಲ್ಲಿ ಶೇಂಗಾ ಮೂಟೆಗೆ ಒರಗಿ ಕೂತವರು ಏಳಲಿಲ್ಲ. ಅವರನ್ನು ಮನೆಯಿಂದ ನೇರ ರಸ್ತೆಯಲ್ಲೇ, ಅಂಗಡಿಯ ಮುಂದಿನಿಂದಲೇ ಒಯ್ದೆವು. ಆ ರಸ್ತೆಯಲ್ಲಿ ಅವರು ಹೋದದ್ದು ಅದೊಂದು ಸಲ. ಪಂಥ ಕಟ್ಟುತ್ತಿದ್ದ ಗಿರಾಕಿಗಳು ಎರಡೂ ಬದಿಗೆ ನಿಂತಿದ್ದರು.

ಮಣ್ಣು ಮಾಡಿದ ಮೇಲಿನ ಕಾರ್ಯಕ್ಕೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಟ್ಟೆವು. ಹೋಳಿಗೆ, ಹುರಿದ ಶೇಂಗಾ, ಮೆಣಸಿನಕಾಯಿ ಬೋಂಡಾ. ಕೊನೆಗೆ ಅತ್ತೆ ದೇವರ ಕೋಣೆಯಿಂದ ಒಂದು ಸಣ್ಣ ತಾಮ್ರದ ಚೊಂಬು ತಂದು ಪಕ್ಕದಲ್ಲಿಟ್ಟರು.

"ಏನತ್ತೆ ಇದು?"

"ದೊಣೆ ನೀರು ಕಣಪ್ಪ. ಅವ್ರವ್ವಂದು."

"ಅದು ಸಿಗಲೇ ಇಲ್ಲವಲ್ಲ."

"ವರ್ಷಾ ವರ್ಷಾ ಸಿಗಲಿಲ್ಲ ಅಂತ ಬರೋರು. ವರ್ಷಾ ವರ್ಷಾ ಬಾಟ್ಲಿ ತುಂಬಿರ್ತಿತ್ತು. ನಾನು ಕೇಳ್ಲಿಲ್ಲ, ಅವ್ರು ಹೇಳ್ಲಿಲ್ಲ." ಅತ್ತೆ ಚೊಂಬನ್ನು ಸ್ವಲ್ಪ ಸರಿಸಿ ನೆಟ್ಟಗಿಟ್ಟರು. "ಸಿಕ್ತು ಅಂದ್ಬಿಟ್ರೆ, ಆಮೇಲೆ ಎಲ್ಲಿಗೆ ಹೋಗ್ಬೇಕು ಹೇಳು, ನಿಮ್ಮಾವ?"

ಈ ಮಾರ್ಗಶಿರದಲ್ಲಿ ನಾನೊಬ್ಬನೇ ಹೋಗಿದ್ದೆ. ಅಷ್ಟೇ ಮಂಜು. ಹಿಡಿಯಲು ಕಂಬಳಿಯ ತುದಿ ಇರಲಿಲ್ಲ. ಬಹಳ ಹೊತ್ತು ಅಲೆದ ಮೇಲೆ ಬಂಡೆ ಸಿಕ್ಕಿತು. ಮಾವನ ಗುರುತುಗಳು ಮಳೆಗೆ ತೊಳೆದುಹೋಗಿದ್ದವು, ಆದರೆ ಯಾರೋ ಹೊಸದಾಗಿ ಮೂರೆಳೆ ಎಳೆದು, ಒಂದು ತೆಂಗಿನಕಾಯಿ ಒಡೆದಿದ್ದರು. ದೊಣೆಯಲ್ಲಿ ಬೊಗಸೆ ಅದ್ದಿ ಕುಡಿದೆ. ಸೀ ಇತ್ತು.

ಸಂಜೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದರು.

"ಸಿಕ್ತೇನಪ್ಪಾ?"

"ಇಲ್ಲ ಅತ್ತೆ" ಎಂದು ಬಾಟಲಿಯನ್ನು ಅವರ ಕೈಗೆ ಕೊಟ್ಟೆ.

ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ದೇವರ ಕೋಣೆಗೆ ಒಯ್ದರು. ಚೊಂಬಿಗೆ ನೀರು ಬೀಳುವ ಸದ್ದು ಕೇಳಿಸಿತು.

"ಹೋಗ್ಲಿ ಬಿಡು" ಎಂದರು ಒಳಗಿನಿಂದಲೇ. "ಬರೋ ವರ್ಷ ಬೇರೆ ಕಡೆಯಿಂದ ಹತ್ತು."