ಕಾಂತಿಭಾಯಿಯ ಕಾಣದ ಕಂಬ

ತೊಂಬತ್ತರ ದಶಕ. ಸೂರತ್ತಿನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಕಂಪ್ಯೂಟರ್ ವಿಭಾಗಕ್ಕೆ ನಾನು ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ಇದ್ದವನು ನಾನೊಬ್ಬನೇ, ಆ ಮಾತು ಬೇರೆ! ಮೌಸ್ ಮುಟ್ಟದೆ, ಕಪ್ಪು ತೆರೆಯ ಮೇಲೆ ಒಂದು ಸಾಲಿನ ಆಜ್ಞೆ ಕುಟ್ಟಿ, ಅಂಕಿಗಳ ಪಟ್ಟಿಯನ್ನು ಚಿತ್ರವಾಗಿಸುವ ವಿದ್ಯೆ ನನಗೆ ಹೊಸದಾಗಿ ಸಿದ್ಧಿಸಿತ್ತು.

"ಪಟ್ಟಿ ಓದಿದ್ರ ತಿಳೀತೈತಲ್ರೀ, ಚಿತ್ರ ಯಾಕ?" ಎಂದಳು ಧಾರವಾಡದ ನನ್ನ ಹೆಂಡತಿ.

"ನಿನಗ ಅದೆಲ್ಲಾ ತಿಳಿಯೂದಿಲ್ಲ ಬಿಡು!" ಎಂದು ಹೊರಟೆ.

ಪಟ್ಟಿ ಚಿಕ್ಕದು. ಮಿಲ್ಲಿನಲ್ಲಿ ಬಣ್ಣ ಕೂಡಿಸುವ ಮೂವರು ಮಾಸ್ಟರುಗಳಿದ್ದರು. ನೂರು ಸಲದಲ್ಲಿ ಎಷ್ಟು ಸಲ ಅವರ ಬಣ್ಣ ಗಿರಾಕಿಯ ಮಾದರಿಗೆ ಸರಿಹೊಂದಿತು ಎಂಬ ಲೆಕ್ಕ. ಒಬ್ಬರಿಗೆ ತೊಂಬತ್ತೈದು, ಇನ್ನೊಬ್ಬರಿಗೆ ತೊಂಬತ್ತನಾಲ್ಕು, ಹಿರಿಯರಾದ ಕಾಂತಿಭಾಯಿಗೆ ತೊಂಬತ್ತೆರಡು. ಎಂಟರ್ ಒತ್ತಿದೆ. ಪ್ರಿಂಟರ್ ಕರ್ರ್ ಕರ್ರ್ ಎಂದು ಒಬ್ಬೊಬ್ಬರ ಅಂಕಕ್ಕೆ ಒಂದೊಂದರಂತೆ ಕಂಬಗಳನ್ನು ಉಗುಳಿತು. ಆಹಾ, ನೋಡಲು ಎರಡು ಕಣ್ಣು ಸಾಲದು! ನನಗೆ ನೋಡಲು ಪುರುಸೊತ್ತೂ ಇರಲಿಲ್ಲ. ಸೀದಾ ಒಯ್ದು ಮಾಲೀಕರ ಮೇಜಿನ ಮೇಲೆ ಹರಡಿದೆ.

ಸೇಠ್‌ಜಿ ಹುಬ್ಬು ಗಂಟಿಕ್ಕಿದರು. ಇಬ್ಬರ ಕಂಬಗಳು ಮುಗಿಲು ಮುಟ್ಟಿದ್ದವು. ಕಾಂತಿಭಾಯಿಯ ಜಾಗದಲ್ಲಿ ಕಂಬವೇ ಇರಲಿಲ್ಲ!

"ಅರೇ, ಕಾಂತಿಭಾಯ್ ತೋ ಕುಛ್ ಕರ್ತಾ ಹೀ ನಹೀ!"

ಏನೂ ಮಾಡದವರನ್ನು ನಾಳೆಯಿಂದಲೇ ಗೋದಾಮಿಗೆ ಹಾಕಿ ಎಂದು ಅಪ್ಪಣೆಯಾಯಿತು.

ಇಪ್ಪತ್ತು ವರ್ಷ ಬಣ್ಣದಲ್ಲೇ ಕೈ ಅದ್ದಿದ ಮನುಷ್ಯ! ಓಡಿಹೋಗಿ ಅದೇ ಆಜ್ಞೆಯನ್ನು ಇನ್ನಷ್ಟು ಜೋರಾಗಿ ಕುಟ್ಟಿದೆ. ಅದೇ ಚಿತ್ರ ಮತ್ತೆ ಬಂತು.

ಸುದ್ದಿ ಕೇಳಿ ಕಾಂತಿಭಾಯಿಯೇ ಬಂದರು. ಹಾಳೆಯನ್ನು ಕೈಗೆತ್ತಿಕೊಂಡು, ಎಡತುದಿಯ ಅಂಕಿಗಳ ಮೇಲೆ ನೀಲಿ ಬೆರಳಿಟ್ಟರು.

"ಸಾಹೇಬ್, ಬಾನವೇ ಸೇ ಕ್ಯೂಂ ಶುರೂ ಕಿಯಾ? ಶೂನ್ಯ ಸೇ ಬಾನವೇ ತಕ್ ಕಾ ಕಪಡಾ ಕಿಧರ್ ಗಯಾ?"

ಅಯ್ಯೋ ದೇವರೇ! ಚಿತ್ರ ತೊಂಬತ್ತೆರಡರಿಂದಲೇ ಶುರುವಾಗಿತ್ತು, ಅದರ ಕೆಳಗಿನ ಬಟ್ಟೆಯೆಲ್ಲ ಮಾಯ! ಸೊನ್ನೆಯಿಂದ ಶುರು ಮಾಡು ಎಂದು ನಾನು ಹೇಳಿರಲೇ ಇಲ್ಲ. ಯಂತ್ರ ಎಲ್ಲಕ್ಕಿಂತ ಚಿಕ್ಕ ಅಂಕಿಯನ್ನೇ ನೆಲ ಮಾಡಿಕೊಂಡಿತ್ತು. ತೊಂಬತ್ತೆರಡು ಅಂಕದ ಮನುಷ್ಯನನ್ನು ನಾನು ನೆಲಸಮ ಮಾಡಿದ್ದೆ!

ಒಂದೇ ಸಾಲು ಸೇರಿಸಿದೆ. ಮೂರೂ ಕಂಬಗಳು ಅಣ್ಣತಮ್ಮಂದಿರಂತೆ ಎದ್ದು ನಿಂತವು. "ತೀನೋಂ ಬರಾಬರ್!" ಎಂದು ಸೇಠ್‌ಜಿ ಅಪ್ಪಣೆಯನ್ನು ಹಿಂತೆಗೆದುಕೊಂಡರು. ಕಾಂತಿಭಾಯಿ ನನ್ನ ಬೆನ್ನು ತಟ್ಟಿದರು. ನನಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು.

ಆಮೇಲೆ ಸೇಠ್‌ಜಿ ಹೊಸ ಅಪ್ಪಣೆ ಹೊರಡಿಸಿದರು: ಇನ್ನು ಮುಂದೆ ನನ್ನ ಪ್ರತಿ ಚಿತ್ರವನ್ನೂ ಕಾಂತಿಭಾಯಿ ಪಾಸು ಮಾಡತಕ್ಕದ್ದು.

ಹೆಮ್ಮೆಯಿಂದಲೇ ಹೇಳುತ್ತೇನೆ, ಇಡೀ ಪಾಂಡೇಸರಾದಲ್ಲಿ ಬಣ್ಣದ ಮಾಸ್ಟರರ ಮೇಲ್ವಿಚಾರಣೆ ಪಡೆದ ಕಂಪ್ಯೂಟರ್ ವಿಭಾಗ ನಮ್ಮದೊಂದೇ! ಮೊದಲ ವಾರವೇ ಐದು ಚಿತ್ರ ತಯಾರಿಸಿದೆ. ನಾಲ್ಕನ್ನು ಅವರು ವಾಪಸು ಕಳಿಸಿದರು. ಐದನೆಯದನ್ನು ತೋರಿಸಲು ನನಗೆ ಧೈರ್ಯ ಬರಲಿಲ್ಲ!